ಪಂಚಾಂಗದಲ್ಲಿಲ್ಲದ ಹೂವಿನ ಹಬ್ಬ

ವಿಮಾನದಲ್ಲಿ ಕೂತು ನಿದ್ದೆ ಮಾಡುವವರು ಕುತ್ತಿಗೆಗೆ ಸಿಕ್ಕಿಸಿಕೊಳ್ಳುವ ದಿಂಬೊಂದು ಇರುತ್ತದಲ್ಲ, ಕುದುರೆ ಲಾಳದ ಆಕಾರದ್ದು, ಅದನ್ನು ಹಾಕಿಕೊಂಡು ಅವರೆಕಾಯಿ ಸುಲಿಯುವ ಹೆಂಗಸನ್ನು ನೀವು ಇದುವರೆಗೆ ಕಂಡಿಲ್ಲವಾದರೆ ಜೆ.ಪಿ. ನಗರದ ನಮ್ಮ ಮನೆಗೊಮ್ಮೆ ಬನ್ನಿ. ನನ್ನದು ನೇರಳೆ ಬಣ್ಣದ್ದು. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಅದರ ಜೊತೆಯದು, ಬೂದು ಬಣ್ಣದ್ದು, ಬೀರುವಿನ ಮೇಲೆ ಪ್ಲಾಸ್ಟಿಕ್ ಕವರಿನೊಳಗೇ ಇದೆ. ಕತ್ತು ಬಗ್ಗಿಸಿ ಬಹಳ ಹೊತ್ತು ಕೂತರೆ ನನಗೆ ನೋವು ಬರುತ್ತದೆ, ದಿಂಬಿದ್ದರೆ ಬರುವುದಿಲ್ಲ. ಜಪಾನಿಗೆ ಹೋಗಬೇಕಿದ್ದ ದಿಂಬು ಅವರೆಕಾಯಿಯ ಪಾಲಾಯಿತಲ್ಲ ಎಂದು ಮರುಗುವವರು ಮರುಗಲಿ. ನಾನಂತೂ ಅದನ್ನು ಕಟ್ಟಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಕಟ್ಟಿಟ್ಟ ವಸ್ತುಗಳು ನಮ್ಮ ಮನೆಯಲ್ಲಿ ಆಗಲೇ ಸಾಕಷ್ಟಿವೆ.

ಜಪಾನಿನ ಹುಚ್ಚು ನನ್ನದಲ್ಲ, ನಮ್ಮ ಯಜಮಾನರದ್ದು. ಅವರಿಗೆ ಬನಶಂಕರಿಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಬೋರ್‌ವೆಲ್ ಪಂಪು, ಮಿಕ್ಸಿ, ಗ್ರೈಂಡರುಗಳ ಹೊಟ್ಟೆ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಪರೂಪಕ್ಕೆ ಯಾವುದಾದರೂ ಜಪಾನಿನ ಮೋಟಾರು ರಿಪೇರಿಗೆ ಬಂದರೆ ಆ ದಿನ ಮನೆಗೆ ತಡವಾಗಿ ಬರುತ್ತಿದ್ದರು. ಊಟಕ್ಕೆ ಕೂತು, ಹೆಣ್ಣು ನೋಡಿ ಬಂದವರು ಹೆಣ್ಣನ್ನು ಹೊಗಳುವ ಹಾಗೆ, ಅದರೊಳಗಿನ ಸುತ್ತುಗಳನ್ನು ಹೊಗಳುತ್ತಿದ್ದರು. ಅಂಥವರ ಮೊಬೈಲಿಗೆ ಒಂದು ದಿನ ಜಪಾನಿನ ಚೆರ್ರಿ ಹೂವಿನ ವಿಡಿಯೊ ಬಂತು. ಮೋಟಾರಿನಿಂದ ಹೂವಿಗೆ ದಾರಿ ಹೇಗೆ ಸಿಕ್ಕಿತೋ ಆ ಮೊಬೈಲಿಗೇ ಗೊತ್ತು.

"ಪಾರ್ವತಿ, ಬಾ ಇಲ್ಲಿ. ಹೂವು ನೋಡೋಕೆ ಅಂತ್ಲೇ ಜನ ಆಫೀಸಿಗೆ ರಜಾ ಹಾಕವ್ರೆ ನೋಡು!" ಎಂದು ಕೂಗಿದರು.

"ನೋಡಿ ಏನ್ಮಾಡ್ತಾರಂತೆ?" ಎಂದೆ ಅಡುಗೆಮನೆಯಿಂದಲೇ.

"ಏನೂ ಮಾಡಲ್ಲ ಕಣೇ. ಮರದ ಕೆಳಗೆ ಚಾಪೆ ಹಾಸ್ಕೊಂಡು ಕೂರೋದು, ಬುತ್ತಿ ತಿನ್ನೋದು, ಮೇಲೆ ನೋಡೋದು. ಹನಾಮಿ ಅಂತಾರಂತೆ. ನೋಡಾದ್ಮೇಲೆ ಮನೆಗೆ ಹೋಗೋದು."

ನನಗೆ ನಗು ತಡೆಯಲಾಗಲಿಲ್ಲ. ಹೂವಿನ ಹೊಲದಲ್ಲಿ ಹುಟ್ಟಿದ ಯಾರಿಗೇ ಆಗಲಿ ನಗು ಬರುವ ಮಾತೇ ಅದು. ನನ್ನ ತವರು ತಲಘಟ್ಟಪುರದ ಆಚೆ. ಈಗ ಅಲ್ಲಿ ನಮ್ಮಣ್ಣನ ಬಾಡಿಗೆ ಮನೆಗಳು ಸಾಲಾಗಿ ನಿಂತಿವೆ. ಆಗ ಅಷ್ಟೂ ಜಾಗ ಕನಕಾಂಬರ ಮತ್ತು ಕಾಕಡ. ಬೆಳಕು ಹರಿಯುವ ಮೊದಲೇ ಅಮ್ಮ ನಮ್ಮನ್ನು ಎಬ್ಬಿಸುತ್ತಿದ್ದಳು. ಮುಖ ತೊಳೆದರೂ ಆಯಿತು, ತೊಳೆಯದಿದ್ದರೂ ಆಯಿತು, ಸಾಲಿಗಿಳಿಯಬೇಕು. ಇಬ್ಬನಿಗೆ ಲಂಗ ಮೊಣಕಾಲಿನವರೆಗೆ ನೆನೆದು ಕಾಲಿಗೆ ಅಂಟಿಕೊಳ್ಳುತ್ತಿತ್ತು. ಬೆರಳು ಚಳಿಗೆ ಮರಗಟ್ಟಿ, ಹಿಡಿದದ್ದು ಮೊಗ್ಗೋ ಎಲೆಯೋ ತಿಳಿಯುತ್ತಿರಲಿಲ್ಲ. ಮಾರ್ಕೆಟಿಗೆ ಹೋಗುವ ಮೊದಲ ಬಸ್ಸಿಗೆ ಕುಕ್ಕೆ ಏರಬೇಕು. ಪೂರ್ವದ ಕಡೆ ಕೆಂಪಾಗಿ, ಹೊಲವೆಲ್ಲ ಬಣ್ಣ ಬಂದ ಹೊತ್ತಿಗೆ ನಾನೇನಾದರೂ ಸೊಂಟ ನೆಟ್ಟಗೆ ಮಾಡಿ ನಿಂತರೆ ಅಮ್ಮನ ಗಂಟಲು ಏರುತ್ತಿತ್ತು. "ಹೂವಿನ ಮುಖ ಏನೇ ನೋಡ್ತಾ ನಿಂತೆ? ಕೀಳೇ ಬೇಗ!" ಹೂವು ಎಂದರೆ ನಮಗೆ ಕೆಲಸ. ಕೆಲಸವನ್ನು ಯಾರಾದರೂ ಚಾಪೆ ಹಾಸಿಕೊಂಡು ನೋಡುತ್ತಾರೆಯೇ, ನೀವೇ ಹೇಳಿ.

ಒಳ್ಳೆಯ ಹೂವೆಲ್ಲ ಪೇಟೆಗೆ, ತೊಟ್ಟು ಮುರಿದದ್ದು ನಮ್ಮ ಜಡೆಗೆ. ಅದನ್ನು ಕಟ್ಟುತ್ತಿದ್ದವಳು ಅಜ್ಜಿ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ ಕಟ್ಟುತ್ತಿದ್ದಳು. ಕಣ್ಣು ಬೀದಿಯ ಮೇಲೆ, ಕೈ ಹೂವಿನ ಮೇಲೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಒಂದು ದಿನ ನಾನು ಹಿಂದಿನಿಂದ ಹೋಗಿ ಒಂದು ತುಂಡು ಕನಕಾಂಬರವನ್ನು ಅವಳ ತುರುಬಿಗೆ ಸಿಕ್ಕಿಸಿಬಿಟ್ಟೆ. ಚೇಳು ಬಿದ್ದವಳ ಹಾಗೆ ಕೊಡವಿ ಎಸೆದಳು. ಬೈಯಲಿಲ್ಲ, ಹೊಡೆಯಲಿಲ್ಲ. ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆಗೊಮ್ಮೆ, ಬೀದಿಯ ಕಡೆಗೊಮ್ಮೆ ತಿರುಗಿದಳು, ಅಷ್ಟೆ. ಊರಿನ ಅಷ್ಟೂ ತಲೆಗಳಿಗೆ ಹೂ ಕಟ್ಟಿದವಳು ಅವಳು. ಆ ಮುಖ ಈಗ ನೆನಪಾದರೆ ನನಗೆ ಸಿಟ್ಟು ಬರುತ್ತದೆ. ಅವಳ ಮೇಲಲ್ಲ. ಯಾರ ಮೇಲೆಂದು ಬಿಡಿಸಿ ಹೇಳಲು ಹೊರಟರೆ ನಮ್ಮ ನೆಂಟರಿಷ್ಟರ ಪೈಕಿ ಯಾರೂ ಉಳಿಯುವುದಿಲ್ಲ.

ಇಂಥ ಹೂವಿನ ಮನೆಯಿಂದ ಹೆಣ್ಣು ತಂದ ನಮ್ಮ ಯಜಮಾನರಿಗೆ ಹೂವಿನ ವಾಸನೆ ಆಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಮಲ್ಲಿಗೆಯ ಘಮ ಮೂಗಿಗೆ ಬಿದ್ದರೆ ಸಾಕು, ಸೀನು ಶುರುವಾಗುತ್ತಿತ್ತು. ಒಂದು ಸೀನಿನ ಹಿಂದೆ ಇನ್ನೊಂದು, ಅಕ್ಕಪಕ್ಕದ ಮನೆಯವರಿಗೆ ಕೇಳುವಷ್ಟು ಜೋರಾಗಿ. ಮದುವೆಯಾದ ಹೊಸತರಲ್ಲಿ ನಾನು ಪಾಪ ಎಂದುಕೊಂಡು ಮುಡಿಯುವುದನ್ನೇ ಬಿಟ್ಟೆ. ಅವರಿಗೆ ಕೋಪ ಬಂತು. "ನನ್ನ ಮೂಗಿನ ಕಾಯಿಲೆಗೆ ನಿನ್ನ ತಲೆಗೆ ಯಾಕೆ ಶಿಕ್ಷೆ?" ಎಂದು ತಾವೇ ಹೋಗಿ ಮಲ್ಲಿಗೆ ತಂದರು, ಕೈ ಉದ್ದಕ್ಕೆ ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು. ಅಂದಿನಿಂದ ಸ್ಕೂಟರಿನಲ್ಲಿ ಮುಂದೆ ಅವರ ಮೂಗು, ಹಿಂದೆ ನನ್ನ ಹೂವು. ಎದುರು ಗಾಳಿ ಇದ್ದಷ್ಟು ಹೊತ್ತು ಸಂಸಾರ ಸುಖವಾಗಿ ಸಾಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸೀನು. ಎಂದಾದರೂ ನಾನು ಮುಡಿಯದೆ ಬಂದರೆ, "ಏನೇ, ಇವತ್ತು ಸೀನೇ ಬರ್ಲಿಲ್ಲ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಚೆರ್ರಿ ಹೂವಿಗೆ ಅಂಥ ವಾಸನೆ ಇಲ್ಲ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದ ದಿನ ಅವರ ಸಂಭ್ರಮ ನೋಡಬೇಕಿತ್ತು. ನನ್ನ ಮೂಗಿಗೆ ಹೇಳಿ ಮಾಡಿಸಿದ ಹೂವು ಎಂದು ಕುಣಿದರು. ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ ಪ್ರವಾಸದವರನ್ನು ಹುಡುಕಿದರು. ಮರದ ಕೆಳಗೆ ಅನ್ನ ಸಾರು ಬಡಿಸುತ್ತಾರಾ ಎಂದು ಫೋನಿನಲ್ಲಿ ಪದೇ ಪದೇ ವಿಚಾರಿಸಿ ಪ್ರವಾಸದ ಆಫೀಸಿನ ಹುಡುಗಿಯ ತಲೆ ತಿಂದರು. ಪಾಸ್‌ಪೋರ್ಟು ಮಾಡಿಸಿದೆವು. ಜಯನಗರದಲ್ಲಿ ದಿಂಬು ಕೊಂಡೆವು. ಮುಂದಿನ ವಸಂತಕ್ಕೆ ಹೊರಡುವುದೆಂದು ಗಟ್ಟಿಯಾಯಿತು. ಮಳೆಗಾಲದಲ್ಲಿ ಒಂದು ಬೆಳಗ್ಗೆ ಅಂಗಡಿಯ ಶಟರ್ ಎತ್ತಲು ಬಗ್ಗಿದವರು ಮತ್ತೆ ನೆಟ್ಟಗೆ ನಿಲ್ಲಲಿಲ್ಲ.

ಚೆರ್ರಿ ಹೂವು ಕೆಲವೇ ದಿನ ಇರುತ್ತದಂತೆ, ಬದುಕು ನಶ್ವರ ಎಂದು ನೆನಪಿಸಿಕೊಳ್ಳಲೆಂದೇ ಜಪಾನಿನವರು ಅದನ್ನು ನೋಡುತ್ತಾರಂತೆ. ಮಾತಾಡಿಸಲು ಬಂದ ಓದಿಕೊಂಡ ನೆಂಟರೊಬ್ಬರು ಹೇಳಿದ ಮಾತಿದು. ನನಗೆ ಸಮಾಧಾನವಾಗಲಿ ಎಂದೇ ಹೇಳಿರಬೇಕು. ಆ ಪಾಠವನ್ನು ನಾನು ಆಸ್ಪತ್ರೆಯ ಕಾರಿಡಾರಿನ ಸ್ಟೀಲ್ ಕುರ್ಚಿಯ ಮೇಲೆ ಕೂತು ಕಲಿತು ಮುಗಿಸಿದ್ದೆ. ಅದೇ ಪಾಠವನ್ನು ಮತ್ತೆ ಹೂವಿನಿಂದ ಹೇಳಿಸಿಕೊಳ್ಳುವ ದರ್ದು ನನಗಿರಲಿಲ್ಲ.

ಈಗ ನಮ್ಮ ನಾದಿನಿ ಸಾವಿತ್ರಿಯ ವಿಷಯಕ್ಕೆ ಬರಬೇಕು. ನಮ್ಮ ಯಜಮಾನರ ಒಬ್ಬಳೇ ತಂಗಿ. ಅಪ್ಪ ಅಮ್ಮ ಬೇಗ ಹೋದದ್ದರಿಂದ ಇವರೇ ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟ ತಂಗಿ. ಅಣ್ಣ ಹೋದಾಗ ಅವಳು ಬನಶಂಕರಿಯ ತನ್ನ ಮನೆ ಬಿಟ್ಟು ಬಂದು ವಾರಗಟ್ಟಲೆ ನನ್ನ ಪಕ್ಕದಲ್ಲೇ ಮಲಗಿದಳು. ಬಾಯಿಗೆ ತುತ್ತು ಇಟ್ಟು ತಿನ್ನಿಸಿದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದವಳೂ ಅವಳೇ, ಹೂವಿನ ಜಾಗದಲ್ಲಿ ಏನೂ ಇಡದೆ ಗಂಟು ಹಾಕಿದವಳೂ ಅವಳೇ. ಬಚ್ಚಲಿನ ಕನ್ನಡಿಗೆ ನಾನು ಅಂಟಿಸಿಟ್ಟಿದ್ದ ಬಿಂದಿಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ ತೆಗೆದಳು. ಆ ಕೆಲಸ ಮಾಡುವಾಗ ಅವಳು ಅಳುತ್ತಿದ್ದುದನ್ನು ನಾನು ನೋಡಿದ್ದೇನೆ. ಆದ್ದರಿಂದ ಅವಳನ್ನು ಕೆಟ್ಟವಳೆಂದು ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಕೆಟ್ಟವಳಾಗಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತು!

ವರ್ಷದ ಕಾರ್ಯ ಆಗುವ ತನಕ ಮನೆಯಲ್ಲಿ ಹಬ್ಬವಿಲ್ಲ, ಸಿಹಿ ಬೇಯಿಸುವಂತಿಲ್ಲ, ಬಾಗಿಲಿಗೆ ತೋರಣವಿಲ್ಲ. ಇದು ಎಲ್ಲರ ಮನೆಯ ಕಥೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೂವು? ಅದಕ್ಕೆ ವರ್ಷದ ಲೆಕ್ಕವೂ ಇಲ್ಲ, ಶಾಶ್ವತವಾಗಿ ಇಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ರಸ್ತೆಯ ತಿರುವಿನಲ್ಲಿ ಕೂರುವ ಹೂವಿನವಳು ದಿನಾ "ಅಕ್ಕಾ, ಇವತ್ತು ಮೊಗ್ಗು ಚೆನ್ನಾಗಿದೆ" ಎಂದು ಕರೆಯುತ್ತಿದ್ದವಳು, ಈಗ ನಾನು ಹಾದುಹೋಗುವಾಗ ಕತ್ತು ತಗ್ಗಿಸಿ ಬುಟ್ಟಿಗೆ ನೀರು ಚಿಮುಕಿಸುತ್ತಾಳೆ. ಸಂಕ್ರಾಂತಿಯ ದಿನ ಹೊಸ ಲಂಗ ಉಟ್ಟ ಪುಟಾಣಿಗಳು ಎಳ್ಳು ಬೀರುತ್ತ ಬಂದು, ನಮ್ಮ ಗೇಟಿನ ಮುಂದೆ ಗುಸುಗುಸು ಮಾಡಿ, ಪಕ್ಕದ ಮನೆಗೆ ಓಡಿದವು. ನೋಡಿ, ನಾನು ತಾಳಿಯ ಜೊತೆಗೆ ಹೂವನ್ನು ಪಡೆದವಳಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ನನ್ನ ತಲೆಯಲ್ಲಿ ಹೂವಿತ್ತು. ಗಂಡ ಕೊಡದೇ ಇದ್ದದ್ದನ್ನು ಗಂಡನ ಜೊತೆ ಕಳಿಸಿಕೊಡು ಎಂದರೆ ಯಾವ ನ್ಯಾಯ? ಇದನ್ನೆಲ್ಲ ನಾನು ಕನ್ನಡಿಯ ಮುಂದೆ ನಿಂತು ಬಹಳ ಚೆನ್ನಾಗಿ ವಾದಿಸುತ್ತಿದ್ದೆ. ಸಾವಿತ್ರಿ ಎದುರಿಗೆ ಬಂದರೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿ ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಟಬೂಬಿಯಾ ಅರಳಿತು. ನಿಮಗೆ ಗೊತ್ತಿರುವ ಮರವೇ. ಬೇಸಿಗೆ ಬಾಗಿಲು ತಟ್ಟುವ ಹೊತ್ತಿಗೆ ಎಲೆಯನ್ನೆಲ್ಲ ಉದುರಿಸಿ, ಮೈತುಂಬ ಗುಲಾಬಿ ಬಣ್ಣ ಬಳಿದುಕೊಂಡು ನಿಲ್ಲುತ್ತದಲ್ಲ, ಅದು. ಜನ ಅದರ ಕೆಳಗೆ ನಿಂತು ಫೋಟೊ ತೆಗೆದುಕೊಂಡು ಬೆಂಗಳೂರಿನ ಚೆರ್ರಿ ಎಂದು ಮೊಬೈಲಿಗೆ ಹಾಕುತ್ತಾರೆ. ಅದಕ್ಕೂ ಚೆರ್ರಿಗೂ ಯಾವ ನೆಂಟಸ್ತಿಕೆಯೂ ಇಲ್ಲವಂತೆ, ಇರಲಿ. ನಮ್ಮ ಮನೆಗೆ ಹತ್ತಿರದ ಪಾರ್ಕಿನ ಮೂಲೆಯಲ್ಲಿ ಒಂದು ದೊಡ್ಡ ಮರವಿದೆ. ನಾನು ಮನೆಯಿಂದ ಹೊರಗೆ ಬೀಳುವುದನ್ನೇ ಬಿಟ್ಟಿದ್ದರಿಂದ ನನಗದು ಗೊತ್ತಾಗಿರಲಿಲ್ಲ. ಹೇಳಿದವಳು ಶಿವಲೀಲಾ. ಬಾಗಲಕೋಟೆಯ ಕಡೆಯ ಹುಡುಗಿ, ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಾಳೆ, ಬಿ.ಟಿ.ಎಂ. ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ.

"ಆಂಟಿ, ಹೊರಗ ಬರ್ರಿ ಒಂದ್ ಸಲ. ಪಾರ್ಕಿನ್ಯಾಗ ಗಿಡ ಹೆಂಗ ಅರಳೇತಿ ನೋಡ್ರಿ. ಅಂಕಲ್ ಇದ್ರ ಇಲ್ಲೇ ಜಪಾನ ಅಂತಿದ್ರು."

ಆ ಕಡೆಯವರು ಮರಕ್ಕೂ ಗಿಡ ಎನ್ನುತ್ತಾರೆ. ಅವಳ ಜೊತೆ ಹೋಗಿ ಆ ಗಿಡದ ಕೆಳಗೆ ನಿಂತೆ. ಒಂದು ಹೂವು ಎತ್ತಿ ಮೂಸಿದೆ, ಹೇಳಿಕೊಳ್ಳುವಂಥ ಘಮವೇನಿಲ್ಲ. ತಿರುಗಿಸಿ ನೋಡಿದೆ. ಹೂವಿನ ಮನೆಯ ಕೈ ಇದು, ನೋಡಿದ ತಕ್ಷಣ ಹೇಳುತ್ತದೆ: ಇದು ಕಟ್ಟಲು ಬರುವ ಹೂವಲ್ಲ. ನಾರಿಗೆ ನಿಲ್ಲುವುದಿಲ್ಲ, ಬೆರಳು ತಾಗಿದರೆ ಬಾಡುತ್ತದೆ. ನಮ್ಮ ಕಡೆ ಇದನ್ನು ದೇವರಿಗೆ ಏರಿಸಿದವರಿಲ್ಲ, ಜಡೆಗೆ ಮುಡಿದವರಿಲ್ಲ, ಹೆಣದ ಮೇಲೆ ಹಾಕಿದವರೂ ಇಲ್ಲ. ಮುತ್ತೈದೆಯ ಹೂವೂ ಅಲ್ಲ, ಇನ್ನೊಬ್ಬಳಿಗೆ ಆಗದ ಹೂವೂ ಅಲ್ಲ. ಹೊರಗಿನಿಂದ ಬಂದ ಮರವಾದ್ದರಿಂದ ನಮ್ಮ ಹಿರಿಯರು ಯಾರೂ ಇದಕ್ಕೆ ಒಂದು ಕಟ್ಟಳೆ ಮಾಡಿಟ್ಟು ಹೋಗಿಲ್ಲ. ಅಷ್ಟು ದೊಡ್ಡ ಮರದ ತುಂಬ ಹೂವು, ಒಂದಕ್ಕೂ ಕಾಯಿದೆಯಿಲ್ಲ! ನನಗೆ ತಿಂಗಳುಗಳ ಮೇಲೆ ಮೊದಲ ಬಾರಿಗೆ ಹಸಿವಾಯಿತು.

ಮನೆಗೆ ಬಂದವಳೇ ಸಾವಿತ್ರಿಗೆ ಫೋನು ಮಾಡಿದೆ. ದೂರವಾಣಿ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದವಳು ನಾನು. ಎದುರಿನವರ ಮುಖ ಕಾಣದಿದ್ದರೆ ನನ್ನ ಧೈರ್ಯ ದುಪ್ಪಟ್ಟಾಗುತ್ತದೆ.

"ಸಾವಿತ್ರಿ, ಭಾನುವಾರ ಹಬ್ಬ ಇಟ್ಕೊಂಡಿದೀನಿ. ಬಾ."

"ಹಬ್ಬಾನಾ? ಅತ್ತಿಗೆ, ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ."

"ಪಂಚಾಂಗ ತೆಗೆದು ನೋಡು. ಭಾನುವಾರ ಯಾವ ಹಬ್ಬಾನೂ ಇಲ್ಲ. ಅದರಲ್ಲಿರೋ ಹಬ್ಬ ತಾನೇ ಮಾಡಬಾರದು? ಇದು ಅದರಲ್ಲಿಲ್ಲದ್ದು. ಪಾರ್ಕಲ್ಲಿ ಕೂತು ಹೂವು ನೋಡ್ತೀವಿ."

"ನಿಮಗೆ ತಲೆ ಕೆಟ್ಟಿದೆ ಅತ್ತಿಗೆ. ನಾನು ಬರ್ತೀನಿ, ಆದ್ರೆ ನಿಮ್ಮನ್ನ ಮನೆಗೆ ಕರ್ಕೊಂಡು ಬರೋಕೆ ಬರ್ತೀನಿ" ಎಂದು ಇಟ್ಟಳು.

ಭಾನುವಾರ ಬೆಳಗ್ಗೆ ಎದ್ದು ಚಿತ್ರಾನ್ನ ಕಲಸಿದೆ. ಚಿತ್ರಾನ್ನ ಸಾಕಾಗಿತ್ತು. ಆದರೆ ಸಿಹಿ ಮಾಡಬಾರದು ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರಿಂದ ಬೇಕೆಂದೇ ರವೆ ಹುರಿದು ಕೇಸರಿಬಾತೂ ಮಾಡಿದೆ. ತುಪ್ಪದ ಘಮ ಪಕ್ಕದ ಮನೆಗೆ ಹೋಗಲಿ ಎಂದು ಕಿಟಕಿಯನ್ನೂ ತೆರೆದಿಟ್ಟೆ. ಶಿವಲೀಲಾ ಊರಿನಿಂದ ಅವಳಮ್ಮ ಕಳಿಸಿದ್ದ ಶೇಂಗಾ ಹೋಳಿಗೆ ತಂದಳು. ಇಬ್ಬರೂ ಪಾರ್ಕಿಗೆ ಹೋಗಿ, ಮರದ ಬುಡದಲ್ಲಿ, ಉದುರಿದ ಹೂವಿನ ಮೇಲೆಯೇ ಚಾಪೆ ಹಾಸಿದೆವು. ಜಪಾನಿನವರು ಚಪ್ಪಲಿ ಬಿಟ್ಟೇ ಚಾಪೆ ಹತ್ತುತ್ತಾರಂತೆ. ಅದನ್ನು ಅವರಿಂದ ಕಲಿಯಬೇಕಾದ ಕರ್ಮ ನಮಗಿಲ್ಲ. ಎರಡು ಜೊತೆ ಚಪ್ಪಲಿಗಳನ್ನು ಅಂಚಿನಲ್ಲಿ ನೀಟಾಗಿ ಬಿಟ್ಟು ಕೂತೆವು. ತಲೆಯೆತ್ತಿ ನೋಡಿದೆ. ಗಾಳಿ ಬೀಸಿದಾಗ ಒಂದೊಂದೇ ಹೂವು ಗಿರಗಿರನೆ ತಿರುಗುತ್ತ ಇಳಿಯುತ್ತಿತ್ತು. ಹೂವನ್ನು ಕೀಳದೆ, ಕಟ್ಟದೆ, ಕೊಳ್ಳದೆ, ಸುಮ್ಮನೆ ನೋಡುತ್ತ ಕೂತದ್ದು ಅದೇ ಮೊದಲು. ಖುಷಿಯಾಯಿತು. ಅವರಿಲ್ಲವಲ್ಲ ಎಂದು ಅಳುವೂ ಬಂತು. ಎರಡೂ ಒಟ್ಟಿಗೇ ಬಂದವು, ಬರಲಿ ಎಂದು ಬಿಟ್ಟೆ.

ಅಷ್ಟರಲ್ಲಿ ಸೀಟಿ ಕೇಳಿಸಿತು. ಪಾರ್ಕಿನ ವಾಚ್‌ಮನ್.

"ಅಮ್ಮಾ, ಎದ್ದೇಳಿ ಎದ್ದೇಳಿ. ಇಲ್ಲಿ ಚಾಪೆ ಹಾಸಂಗಿಲ್ಲ, ತಿನ್ನಂಗಿಲ್ಲ. ಬೋರ್ಡ್ ನೋಡಿಲ್ವಾ?"

ನೋಡಿದ್ದೆ. ಕೂರಬಾರದು, ಮುಟ್ಟಬಾರದು, ತಿನ್ನಬಾರದು ಎಂದು ಬರೆದ ಬೋರ್ಡು. ಆ ಭಾಷೆ ನನಗೆ ಹೊಸದಲ್ಲ, ಮಳೆಗಾಲದಿಂದ ನಮ್ಮ ಮನೆಯಲ್ಲೂ ಅದೇ ನಡೆಯುತ್ತಿತ್ತು.

ಅವನು ಡಬ್ಬಿಗಳ ಕಡೆ ನೋಡಿ ದನಿ ತಗ್ಗಿಸಿದ. "ಪೂಜೆ ಏನಾದ್ರೂ ಇಟ್ಕೊಂಡಿದೀರಾ? ಪೂಜೆ ಆದ್ರೆ ನಂದೇನಿಲ್ಲಮ್ಮ. ಮುಗ್ಸಿ ಕ್ಲೀನ್ ಮಾಡ್ಬಿಡಿ ಅಷ್ಟೆ."

ಶಿವಲೀಲಾ ನನ್ನ ತೊಡೆ ಚಿವುಟಿದಳು. "ಹೂಂ ಅನ್ರಿ ಆಂಟಿ, ಪೂಜಾನ ಅನ್ರಿ."

"ಪೂಜೆ ಅಲ್ಲಪ್ಪ" ಎಂದೆ. "ಹೂವು ನೋಡ್ತಾ ಕೂತಿದೀವಿ."

"ಹೂವು ನೋಡೋಕೆ ಕೂರೋದ್ಯಾಕಮ್ಮ? ನಿಂತ್ಕೊಂಡೇ ನೋಡ್ಬಹುದಲ್ಲ."

"ನಿಂತು ನೋಡಿದ್ರೆ ಕತ್ತು ನೋಯುತ್ತೆ."

ಅವನು ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ಟೋಪಿ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು ಗಕ್ಕನೆ ನಿಂತರು. ಅಂಚಿನಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿದರು. ಮರವನ್ನು ನೋಡಿದರು. ಬಗ್ಗಿ ಶೂ ಬಿಚ್ಚಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಮರಕ್ಕೆ ಕೈ ಮುಗಿದರು. ಆಮೇಲೆ ನಮ್ಮ ಕಡೆ ತಿರುಗಿ ಅಂಗೈ ಚಾಚಿದರು, ಎಡಗೈಯ ಮೇಲೆ ಬಲಗೈಯಿಟ್ಟು. ನಾನು ಏನು ಮಾಡಲಿ? ಒಂದು ಚಮಚ ಕೇಸರಿಬಾತು ಹಾಕಿದೆ. ಕಣ್ಣಿಗೊತ್ತಿಕೊಂಡು ತಿಂದು, ತಲೆಗೆ ಕೈ ಒರೆಸಿಕೊಂಡು, ಶೂ ಹಾಕಿ ಹೊರಟುಹೋದರು. ಅವರನ್ನು ನೋಡಿ ಹಿಂದೆ ಬಂದವರೂ ಶೂ ಬಿಚ್ಚಿದರು. ನಮ್ಮ ಜನಕ್ಕೆ ಹೀಗೆಯೇ ನೋಡಿ, ಬಿಟ್ಟ ಚಪ್ಪಲಿ ಕಂಡರೆ ಸಾಕು, ಒಳಗೊಬ್ಬ ದೇವರು ಇದ್ದೇ ಇರುತ್ತಾನೆ. ವಾಚ್‌ಮನ್ ಸೀಟಿಯನ್ನು ಜೇಬಿಗಿಳಿಸಿ, "ಪೂಜೆ ಅಂತ ಮೊದ್ಲೇ ಹೇಳ್ಬಾರ್ದಾ?" ಎಂದು ಗೊಣಗಿ ಹೋದ.

ಸಾವಿತ್ರಿ ಬಂದದ್ದು ಆ ಹೊತ್ತಿಗೆ. ಆಟೊ ಇಳಿದು ನೇರವಾಗಿ ನಮ್ಮ ಎದುರಿಗೆ ಬಂದು ನಿಂತಳು, ಚಪ್ಪಲಿ ಬಿಡಲಿಲ್ಲ.

"ಏಳಿ ಅತ್ತಿಗೆ, ಮನೆಗೆ ಹೋಗೋಣ."

"ಕೂತ್ಕೋ ಸಾವಿತ್ರಿ. ಕೇಸರಿಬಾತ್ ಇನ್ನೂ ಬೆಚ್ಚಗಿದೆ."

"ಕೇಸರಿಬಾತ್ ಬೇರೆ ಮಾಡಿದೀರಾ! ನೋಡಿದೋರು ಏನಂತಾರೆ ಅತ್ತಿಗೆ? ಗಂಡ ಹೋಗಿದ್ದು ಇವಳಿಗೆ ಲೆಕ್ಕಕ್ಕೇ ಇಲ್ಲ ಅನ್ನಲ್ವಾ? ನಮ್ಮಣ್ಣ ಅಷ್ಟು ಅಗ್ಗ ಆದ್ನಾ?"

ಆ ಮಾತು ನಾಟಿತು. ನಾಟಿದ್ದಕ್ಕೇ ಇರಬೇಕು, ಕನ್ನಡಿಯ ಮುಂದೆ ತಯಾರಿ ಮಾಡಿಕೊಂಡಿದ್ದ ವಾದಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಈಗ ನಮ್ಮನೇಲಿ ಯಾರೂ ಸೀನಲ್ಲ ಸಾವಿತ್ರಿ" ಎಂದೆ. "ನಿನಗದು ಮನೆಗೆ ಬಂದು ಹೋಗೋವಾಗ ಮಾತ್ರ ಗೊತ್ತಾಗುತ್ತೆ. ನನಗೆ ದಿನಾ ಗೊತ್ತಾಗುತ್ತೆ. ಅವರು ಅಗ್ಗ ಅಲ್ಲ. ಅವರ ಬದಲಿಗೆ ನಾನು ಹೂವು ನೋಡೋಕೆ ಬಂದಿದೀನಿ, ಕೂತಿದೀನಿ. ಏಳಲ್ಲ."

ಸಾವಿತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಪೆಗೆ ಬರಲಿಲ್ಲ. ಪಕ್ಕದ ಕಲ್ಲುಬೆಂಚಿನ ಮೇಲೆ, ನಮ್ಮ ಜೊತೆಗೂ ಅಲ್ಲ, ನಮ್ಮನ್ನು ಬಿಟ್ಟೂ ಅಲ್ಲ ಎನ್ನುವಂತೆ ಕೂತಳು. ಶಿವಲೀಲಾ ಕೊಟ್ಟ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಚಿತ್ರಾನ್ನ ಮಾತ್ರ ತಿಂದಳು.

ಬಿಸಿಲು ಏರುವ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಗರಿಗರಿಯಾದ ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಕೈಯಲ್ಲಿ ತರಕಾರಿ ಚೀಲ. ವಾಕಿಂಗಿಗೆ ಬಂದವರು ಹಾಗೆಯೇ ಮಾರ್ಕೆಟಿಗೂ ಹೋಗಿ ಬಂದಿದ್ದರು. ಶೂ ಬಿಚ್ಚಿ, ಕೇಳದೆಯೇ ಚಾಪೆಯ ಮೇಲೆ ಕೂತರು.

"ಇವತ್ತೇನ್ರೀ ವಿಶೇಷ? ಅಮಾವಾಸ್ಯೆನೂ ಅಲ್ಲ, ಹುಣ್ಣಿಮೆನೂ ಅಲ್ಲ."

"ಹೂವು ನೋಡೋ ಹಬ್ಬ" ಎಂದೆ.

"ಯಾವ ದೇವ್ರದ್ದು?"

"ದೇವರ ಪೈಕಿ ಯಾರದ್ದೂ ಅಲ್ಲ. ನಮ್ಮದೇ."

"ಒಳ್ಳೇದಾಯ್ತು ಬಿಡಿ" ಎಂದು ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ಮರಕ್ಕೆ ಒಂದು ಬೊಟ್ಟು ಇಟ್ಟೇಬಿಟ್ಟರು. ಆಮೇಲೆ ಚಿತ್ರಾನ್ನ, ಕೇಸರಿಬಾತು, ಹೋಳಿಗೆ ಎಲ್ಲ ಸಾವಕಾಶವಾಗಿ ತಿಂದು, ಪ್ರಸಾದಕ್ಕೆ ಉಪ್ಪು ಹದವಾಗಿದೆ ಎಂದು ಹೊಗಳಿದರು. ಅವರು ನನಗೆ ಇಷ್ಟವಾಗಿಹೋದರು.

ಹೊರಡುವಾಗ, ಹೆಂಗಸರ ಮಧ್ಯೆ ಕೂತು ಉಂಡವರು ಬರಿಗೈಯಲ್ಲಿ ಏಳಬಾರದೆಂದು ತೋರಿತೇನೋ, ತರಕಾರಿ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದರು. ಮಲ್ಲಿಗೆ. ಆಗಷ್ಟೇ ಕೊಂಡದ್ದು, ಇನ್ನೂ ನೀರು ಸೋರುತ್ತಿತ್ತು. ಒಂದು ತುಂಡು ಹರಿದು ಶಿವಲೀಲಾಗೆ ಕೊಟ್ಟರು. ಎದ್ದು ಹೋಗಿ ಬೆಂಚಿನ ಮೇಲಿದ್ದ ಸಾವಿತ್ರಿಗೆ ಒಂದು ತುಂಡು ಕೊಟ್ಟರು. ಮೂರನೆಯದನ್ನು ಹರಿದು ನನ್ನ ಕಡೆ ಬಂದರು. ಆಗ ಅವರ ಕಣ್ಣು ನನ್ನ ಹಣೆಗೆ ಹೋಯಿತು, ಅಲ್ಲಿಂದ ಬರಿಯ ಕೈಗೆ ಇಳಿಯಿತು. ಹೂವು ಹಿಡಿದ ಕೈ ಅರ್ಧದಲ್ಲೇ ನಿಂತಿತು. ಪಾಪ, ಅವರ ಮುಖ ಕೆಂಪಾಯಿತು. ಕೊಟ್ಟರೆ ತಪ್ಪು, ಹಿಂದಕ್ಕೆ ತೆಗೆದರೆ ಇನ್ನೂ ದೊಡ್ಡ ತಪ್ಪು.

ಆ ಮುಜುಗರ ತಪ್ಪಿಸಲೆಂದೇ ಸಾವಿತ್ರಿ ಬೆಂಚಿನಿಂದ ಹೇಳಿದಳು, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ: "ಪರವಾಗಿಲ್ಲ ಬಿಡಿ. ನಮ್ಮತ್ತಿಗೆ ಹೂವು ಮುಡಿಯಲ್ಲ."

"ಮುಡೀತೀನಿ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕೊಡಿ ಇಲ್ಲಿ."

ಅವರು ನನ್ನ ಮುಖ ನೋಡಿದರು, ಆಮೇಲೆ ಸಾವಿತ್ರಿಯ ಮುಖ ನೋಡಿದರು.

"ಅವಳನ್ನೇನು ಕೇಳ್ತೀರಿ? ತಲೆ ನಂದು."

ಅವರು ಕೊಟ್ಟರು. ಕೈಯಲ್ಲಿದ್ದ ತುಂಡನ್ನಷ್ಟೇ ಅಲ್ಲ. ಅದನ್ನೂ ಪೊಟ್ಟಣಕ್ಕೆ ಹಾಕಿ, ಉಳಿದ ಮಾಲೆಯನ್ನೆಲ್ಲ ಎಲೆಯ ಸಮೇತ ನನ್ನ ಅಂಗೈಯಲ್ಲಿಟ್ಟು, ಶೂವಿನ ಲೇಸನ್ನೂ ಕಟ್ಟದೆ ಬೇಗ ಬೇಗ ಹೊರಟುಹೋದರು. ನನ್ನ ಹತ್ತಿರ ಪಿನ್ನಿರಲಿಲ್ಲ. ಮಾಲೆಯನ್ನು ಎರಡಾಗಿ ಮಡಿಸಿ ತುರುಬಿನ ಬುಡಕ್ಕೆ ತುರುಕಿದೆ. ಕೀಳಬೇಕೆಂದು ಒಂದು ಕ್ಷಣವೂ ಅನ್ನಿಸಲಿಲ್ಲ.

"ಹೀಗೇ ರಸ್ತೇಲಿ ಬರ್ತೀರಾ ಅತ್ತಿಗೆ?" ಸಾವಿತ್ರಿಯ ದನಿ ಪಿಸುಮಾತಾಗಿತ್ತು.

"ಹೂಂ, ಹೀಗೇ ಬರ್ತೀನಿ. ಮೇನ್ ರೋಡಲ್ಲೇ ಬರ್ತೀನಿ. ನೀನು ಬೇಕಾದ್ರೆ ಹಿಂದಿನ ಗೇಟಿಂದ ಆಟೊ ಹಿಡಿ."

ಶಿವಲೀಲಾ ಡಬ್ಬಿಗಳನ್ನು ಎತ್ತಿಕೊಂಡಳು. ನಾನು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮುಂದಿನ ಗೇಟಿನಿಂದ ಹೊರಬಿದ್ದೆ. ಗೇಟಿನೆದುರಿಗೆ ಹಾಲಿನ ಬೂತು, ಭಾನುವಾರದ ಉದ್ದ ಸಾಲು. ನಮ್ಮ ರಸ್ತೆಯವರೆಲ್ಲ ಇದ್ದರು: ಪಕ್ಕದ ಮನೆಯಾಕೆ, ಎದುರು ಮನೆಯ ಗಂಡ ಹೆಂಡತಿ, ಭಜನೆ ಮಂಡಳಿಯವರು. ನಮ್ಮ ಮನೆಯಲ್ಲಿ ಹಾಲಿತ್ತು. ಆದರೂ ಹೋಗಿ ಸಾಲಿನಲ್ಲಿ ನಿಂತೆ. ಮಾತು ಒಮ್ಮೆ ನಿಂತು, ಮತ್ತೆ ಸಣ್ಣಗೆ ಶುರುವಾಯಿತು. ನಾನು ಯಾರ ಕಡೆಗೂ ತಿರುಗಲಿಲ್ಲ. ಹಿಂದಿನವರು ಚೆನ್ನಾಗಿ ನೋಡಿಕೊಳ್ಳಲಿ ಎಂದು ಕತ್ತು ಸ್ವಲ್ಪ ಬಗ್ಗಿಸಿಯೇ ನಿಂತೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ಬಂದು ತೀರ ಒತ್ತಾಗಿ ನಿಂತ ಹಾಗಾಯಿತು. ತಿರುಗಿ ನೋಡಿದರೆ ಸಾವಿತ್ರಿ. ಮುಖ ಬಿಗಿದುಕೊಂಡು, ತಾನೂ ಹಾಲು ಕೊಳ್ಳುವವಳ ಹಾಗೆ ಬೂತಿನ ಕಡೆಗೇ ನೋಡುತ್ತಿದ್ದಳು. ನನ್ನ ಜೊತೆಗಿರಲು ಬಂದಳೋ, ಹೂವನ್ನು ಮರೆಮಾಡಲು ಬಂದಳೋ, ನಾನು ಕೇಳಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.